ಎಲ್ಕ್ ಬೇಟೆಗೆ ತಾಮ್ರದ ಗುಂಡು ಸಾಕೇ?

(ಮೈಸೂರಿನಲ್ಲಿ ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನು ಕೊನೆಯಲ್ಲಿ ಸೇರಿಸಿದ್ದೇನೆ.)

ಸಭೆಗೆ ನಮಸ್ಕಾರ.

ಇವತ್ತಿನ ವಿಷಯವನ್ನು ಆಮಂತ್ರಣದಲ್ಲಿ ಓದಿ ಕೆಲವರು ಹುಬ್ಬೇರಿಸಿದರೆಂದು ಸಂಘಟಕರು ಹೇಳಿದರು. ಅದು ನ್ಯಾಯವೇ. ನಮ್ಮಲ್ಲಿ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಗಿದ ಕಥೆ. ಮಲೆನಾಡಿನ ಹಿರಿಯರ ಬಾಯಲ್ಲಿ ಮರಸು, ಈಡು, ಚರೆ ಎಂಬ ಮಾತುಗಳು ಇನ್ನೂ ಉಳಿದಿರಬಹುದು. ಅವುಗಳ ಕಾಲ ಮಾತ್ರ ಹೋಯಿತು. ಹೀಗಿರುವಾಗ ಅಮೆರಿಕದ ರಾಕಿ ಪರ್ವತಗಳಲ್ಲಿ ಯಾರೋ ಎಲ್ಕ್ ಎಂಬ ದೊಡ್ಡ ಜಿಂಕೆಗೆ ಹೊಡೆಯುವ ಗುಂಡು ಸೀಸದ್ದಾದರೇನು, ತಾಮ್ರದ್ದಾದರೇನು?

ನಾನು ಬೇಟೆಗಾರನಲ್ಲ. ಸುರತ್ಕಲ್‌ನಲ್ಲಿ ಲೋಹಶಾಸ್ತ್ರ ಓದಿ, ಕೊಲರಾಡೊದಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದವನು. ಮೇಲಾಗಿ ಸಸ್ಯಾಹಾರಿ, ಎಲ್ಕ್ ಮಾಂಸದ ರುಚಿ ಹೇಗಿರುತ್ತದೆ ಎಂದು ದಯವಿಟ್ಟು ಕೇಳಬೇಡಿ. ಅಲ್ಲಿ ನನ್ನ ನೆರೆಮನೆಯವರು ಚಳಿ ಶುರುವಾಗುತ್ತಿದ್ದಂತೆ ಬೆಟ್ಟ ಹತ್ತುವ ಜನ. ತೋಟಾಗಳನ್ನು ತಾವೇ ತುಂಬಿಕೊಳ್ಳುವವರು. ಅವರ ಗ್ಯಾರೇಜಿನಲ್ಲಿ ಕುಳಿತು ಕೇಳಿದ ವಾದಗಳೇ ಈ ಉಪನ್ಯಾಸದ ಮೂಲ. ಅಪ್ಪಟ ತಾಮ್ರದ ಗುಂಡು ಸೀಸದಷ್ಟು ಚೆನ್ನಾಗಿ ಎಲ್ಕ್ ಅನ್ನು ಕೆಡವುತ್ತದೆಯೇ ಎಂಬುದು ಅಲ್ಲಿ ಮುಗಿಯದ ಜಗಳ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಕೆಡವುತ್ತದೆ, ಆದರೆ ವೇಗದ ವಿಷಯದಲ್ಲಿ ತಾಮ್ರ ಸೀಸದಷ್ಟು ಉದಾರಿಯಲ್ಲ. ಮತ್ತು ಪ್ರಾಣಿ ಎಷ್ಟು ಹೆಜ್ಜೆ ಓಡಿ ಬಿತ್ತು ಎಂಬಲ್ಲಿಗೆ ಲೆಕ್ಕ ನಿಲ್ಲಿಸುವವರು ಗುಂಡನ್ನು ಅರ್ಧದಷ್ಟೇ ಪರೀಕ್ಷಿಸಿದ್ದಾರೆ.

ಮೊದಲು ಪ್ರಾಣಿಯ ಪರಿಚಯ. ಎಲ್ಕ್ ನಮ್ಮ ಕಡವೆಯ ಕುಟುಂಬದ್ದೇ. ಕಾಡಿನಲ್ಲಿ ಕಡವೆಯನ್ನು ಹತ್ತಿರದಿಂದ ಕಂಡವರಿಗೆ ಅದರ ಮೈಕಟ್ಟು ಗೊತ್ತು. ಎಲ್ಕ್ ಅದಕ್ಕಿಂತಲೂ ಒಂದು ಕೈ ಮೇಲು. ರಾಕಿ ಪರ್ವತದ ಹೆಣ್ಣು ಸುಮಾರು 225 ಕಿಲೋ ತೂಗಿದರೆ ಗಂಡು 300 ಕಿಲೋ ದಾಟುತ್ತದೆ. ದಪ್ಪ ಚರ್ಮ, ಅದರ ಮೇಲೆ ಚಳಿಗಾಲದ ಒತ್ತಾದ ಕೂದಲು, ಭುಜದಲ್ಲಿ ದಪ್ಪ ಮೂಳೆ. ಉತ್ತರ ಅಮೆರಿಕದಲ್ಲಿ ಒಟ್ಟು ಸುಮಾರು ಹತ್ತು ಲಕ್ಷ ಎಲ್ಕ್‌ಗಳಿವೆ. ಉಳಿದ ಯಾವ ರಾಜ್ಯಕ್ಕಿಂತಲೂ ಹೆಚ್ಚು ಎಲ್ಕ್‌ಗಳಿರುವುದು ಕೊಲರಾಡೊದಲ್ಲಿ.

ಅಲ್ಲಿ ಬೇಟೆಯೆಂದರೆ ಕೋವಿ ಹೆಗಲಿಗೇರಿಸಿ ಹೊರಟರಾಯಿತು ಎಂಬಂತಿಲ್ಲ. ಪರವಾನಗಿ ಬೇಕು, ಋತು ನಿಗದಿಯಾಗಿರುತ್ತದೆ, ಕಣ್ಣಿಗೆ ರಾಚುವ ಕಿತ್ತಳೆ ಅಥವಾ ಗುಲಾಬಿ ಬಣ್ಣದ ಅಂಗಿ ತೊಡಬೇಕು. ತಿನ್ನಬಹುದಾದ ಮಾಂಸವನ್ನು ಬಿಟ್ಟು ಬರುವುದು ಅಪರಾಧ. ಗುಂಡಿನ ಬಗ್ಗೆಯೂ ಕಾನೂನಿದೆ: ಎಲ್ಕ್‌ಗೆ ಹೊಡೆಯುವ ರೈಫಲ್ ಗುಂಡು ಕನಿಷ್ಠ 85 ಗ್ರೇನ್, ಅಂದರೆ ಐದೂವರೆ ಗ್ರಾಂ ತೂಗಬೇಕು, ಮತ್ತು ಅದು ದೇಹ ಹೊಕ್ಕಾಗ ಅರಳುವಂಥದ್ದಾಗಿರಬೇಕು.

ಈ ಕೊನೆಯ ಷರತ್ತಿನಲ್ಲಿ ಒಂದು ವಿಚಿತ್ರವಿದೆ, ಅದರ ಬೇರು ನಮ್ಮ ದೇಶದಲ್ಲೇ ಇದೆ. 1890ರ ದಶಕದಲ್ಲಿ ಕಲ್ಕತ್ತೆಯ ಬಳಿಯ ಡಂಡಂ ಶಸ್ತ್ರಾಗಾರದಲ್ಲಿ ಕ್ಯಾಪ್ಟನ್ ಬರ್ಟಿ ಕ್ಲೇ ಎಂಬ ಬ್ರಿಟಿಷ್ ಅಧಿಕಾರಿ ಸೇನೆಯ ಗುಂಡಿನ ಮೂತಿಯ ಹೊದಿಕೆಯನ್ನು ತೆಗೆದು ಒಳಗಿನ ಸೀಸ ಕಾಣುವಂತೆ ಮಾಡಿದ. ಗುಂಡು ಮೈಯೊಳಗೆ ಹೋಗಿ ಅರಳಿತು. ಗಾಯ ಎಷ್ಟು ಭೀಕರವಾಯಿತೆಂದರೆ 1899ರ ಹೇಗ್ ಸಮ್ಮೇಳನ ಯುದ್ಧದಲ್ಲಿ ಅರಳುವ ಗುಂಡನ್ನು ನಿಷೇಧಿಸುವ ಘೋಷಣೆ ಹೊರಡಿಸಿತು. ಮನುಷ್ಯನ ಮೇಲೆ ಯಾವುದು ಕ್ರೌರ್ಯವೆನಿಸಿತೋ ಅದೇ ಪ್ರಾಣಿಯ ವಿಷಯದಲ್ಲಿ ದಯೆ ಎನಿಸಿತು. ಅರಳದ ಗುಂಡು ಸಣ್ಣ ತೂತು ಮಾಡಿ ಹೊರಟುಹೋಗುತ್ತದೆ. ಪ್ರಾಣಿ ಮೈಲುಗಟ್ಟಲೆ ಅಲೆದು ಎಲ್ಲೋ ನರಳಿ ಸಾಯುತ್ತದೆ. ಎರಡೂ ಕಾನೂನುಗಳ ಹಿಂದಿನ ತರ್ಕ ನನಗೆ ಅರ್ಥವಾಗುತ್ತದೆ, ಆದರೂ ಅಕ್ಕಪಕ್ಕ ಇಟ್ಟು ಓದಿದಾಗ ಪ್ರತಿ ಸಲವೂ ಕಸಿವಿಸಿಯಾಗುತ್ತದೆ.

ಗುಂಡು ತಗುಲಿದ ಎಲ್ಕ್ ಸಾಯುವುದು ಹೇಗೆ? ಸಿನಿಮಾದಲ್ಲಿ ತೋರಿಸುವಂತೆ ಗುಂಡಿನ ಹೊಡೆತಕ್ಕೆ ಹಾರಿ ಬಿದ್ದು ಸಾಯುವುದಿಲ್ಲ. ಮೆದುಳಿಗೋ ಬೆನ್ನುಹುರಿಗೋ ಬಿದ್ದರೆ ಕೂಡಲೇ ಕುಸಿಯುತ್ತದೆ, ಆದರೆ ಹೊಣೆಯರಿತ ಈಡುಗಾರ ಗುರಿಯಿಡುವುದು ಎದೆಗೂಡಿಗೆ, ಹೃದಯ ಮತ್ತು ಶ್ವಾಸಕೋಶಗಳಿಗೆ. ಅಲ್ಲಿ ರಕ್ತನಾಳಗಳು ಹರಿದು ರಕ್ತದೊತ್ತಡ ಕುಸಿದು ಮೆದುಳಿಗೆ ಆಮ್ಲಜನಕ ನಿಲ್ಲಬೇಕು. ಹೃದಯವೇ ನಿಂತರೂ ಮೆದುಳಿನಲ್ಲಿ ಹತ್ತು ಹದಿನೈದು ಸೆಕೆಂಡಿಗೆ ಸಾಲುವಷ್ಟು ಆಮ್ಲಜನಕ ಇದ್ದೇ ಇರುತ್ತದೆ. ಓಟಕ್ಕೆ ಬಿದ್ದ ಎಲ್ಕ್ ಗಂಟೆಗೆ ಅರವತ್ತು ಕಿಲೋಮೀಟರ್ ದಾಟಬಲ್ಲದು. ಲೆಕ್ಕ ಹಾಕಿ: ಸೊಗಸಾಗಿ ಗುರಿ ಮುಟ್ಟಿದ ಗುಂಡು ತಿಂದ ಪ್ರಾಣಿಯೂ ನೂರು ಮೀಟರ್ ಓಡಿ ಬೀಳುವುದರಲ್ಲಿ ಆಶ್ಚರ್ಯವಿಲ್ಲ. ಇದನ್ನು ನೆನಪಿಡಿ, ತಾಮ್ರದ ಮೇಲಿನ ದೂರುಗಳಲ್ಲಿ ಅರ್ಧದಷ್ಟು ಈ ಓಟದ ಬಗ್ಗೆಯೇ.

ಸೀಸದ ಗುಂಡಿನಿಂದ ಶುರು ಮಾಡೋಣ. ಶತಮಾನಕ್ಕೂ ಮೀರಿ ಬಳಕೆಯಲ್ಲಿರುವ ಬೇಟೆಯ ಗುಂಡೆಂದರೆ ಒಳಗೆ ಸೀಸದ ತಿರುಳು, ಹೊರಗೆ ತಾಮ್ರದ ಮಿಶ್ರಲೋಹದ ತೆಳು ಹೊದಿಕೆ, ಮೂತಿಯಲ್ಲಿ ಬರಿಯ ಸೀಸ. ಸೀಸ ಮೆದು, ಭಾರ, ಅಗ್ಗ. ಹೇಳಿದ ಮಾತು ಕೇಳುವ ಲೋಹ. ಮೈಗೆ ತಾಗಿದೊಡನೆ ಚಪ್ಪಟೆಯಾಗಿ ಅಗಲಗೊಳ್ಳುತ್ತದೆ. ತೊಂದರೆ ಇರುವುದು ಆ ಮೆದುತನದಲ್ಲೇ. ಹತ್ತಿರದಿಂದ ಅತಿ ವೇಗದಲ್ಲಿ ಹೊಡೆದಾಗ, ಅದರಲ್ಲೂ ಮೂಳೆಗೆ ಬಡಿದಾಗ, ಸೀಸ ಅರಳುವಲ್ಲಿಗೆ ನಿಲ್ಲದೆ ಪುಡಿಯಾಗುತ್ತದೆ. ಆಳಕ್ಕೆ ಇಳಿಯಲು ತೂಕವೇ ಉಳಿಯುವುದಿಲ್ಲ. 1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಜಾನ್ ನಾಸ್ಲರ್ ಎಂಬಾತ ಕೆಸರು ಮೆತ್ತಿದ ಮೂಸ್ ಎಂಬ ಭಾರೀ ಜಿಂಕೆಗೆ ಹೊಡೆದಾಗ ಗುಂಡುಗಳು ಒಳಗಿಳಿಯದೆ ಮೇಲೆಯೇ ಒಡೆದುಹೋದವು. ಆ ಬೇಸರದಿಂದ ಹುಟ್ಟಿದ್ದು ನಡುವೆ ಗೋಡೆಯಿರುವ ಗುಂಡು: ಮುಂದಿನ ಅರ್ಧ ಅರಳಲಿ, ಗೋಡೆಯ ಹಿಂದಿನ ಅರ್ಧ ಇಡಿಯಾಗಿ ಒಳಗೆ ಸಾಗಲಿ ಎಂಬ ಉಪಾಯ. ಎಲ್ಕ್ ಬೇಟೆಗಾರರು ಅದನ್ನು ಇಂದಿಗೂ ಕೊಳ್ಳುತ್ತಾರೆ.

ಅಪ್ಪಟ ತಾಮ್ರದ ಅರಳುವ ಗುಂಡು ಇದೇ ದಾರಿಯ ಮುಂದಿನ ಹೆಜ್ಜೆ. ಬಾರ್ನ್ಸ್ ಕಂಪನಿಯ ರ‍್ಯಾಂಡಿ ಬ್ರೂಕ್ಸ್ 1980ರ ದಶಕದಲ್ಲಿ ಸೀಸವನ್ನೇ ಕೈಬಿಟ್ಟರೆ ಹೇಗೆ ಎಂದು ಯೋಚಿಸಿದ. ತಿರುಳು ಇಲ್ಲದಿದ್ದರೆ ಹೊದಿಕೆಯಿಂದ ಬೇರ್ಪಡುವ ಪ್ರಶ್ನೆಯೇ ಇಲ್ಲ. 1989ರಲ್ಲಿ ಆ ಗುಂಡು ಮಾರುಕಟ್ಟೆಗೆ ಬಂತು. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ತಾಮ್ರದ ಗುಂಡೆಂದರೆ ಪರಿಸರವಾದಿಗಳು ಬೇಟೆಗಾರರ ಮೇಲೆ ಹೇರಿದ ಪಥ್ಯ ಎಂದು ಅಲ್ಲಿ ಅನೇಕರು ನಂಬಿದ್ದಾರೆ. ದೊಡ್ಡ ಪ್ರಾಣಿಯ ಮೈಯಲ್ಲಿ ಆಳಕ್ಕೆ ಇಳಿಯಬೇಕೆಂದು ಬೇಟೆಗಾರನೇ ಮಾಡಿದ ಗುಂಡು ಅದು. ಸೀಸದಿಂದ ಸಾಯುವ ಹದ್ದುಗಳ ಮಾತು ಆಮೇಲೆ ಸೇರಿಕೊಂಡಿತು.

ರಚನೆ ಸರಳ. ಇಡೀ ಗುಂಡು ಒಂದೇ ತುಂಡು ತಾಮ್ರ. ಮೂತಿಯಲ್ಲಿ ಒಂದು ಕುಳಿ. ಕುಳಿಯ ಗೋಡೆಯಲ್ಲಿ ಉದ್ದಕ್ಕೂ ಹರಿಯಲು ಅನುಕೂಲವಾಗುವಂತೆ ಗೀರುಗಳು. ಮಾಂಸದ ನೀರಿನಂಶ ಕುಳಿಯೊಳಗೆ ನುಗ್ಗಿ ಒತ್ತಿದಾಗ ಗೋಡೆ ನಾಲ್ಕಾಗಿ ಸೀಳಿ, ಬಾಳೆಹಣ್ಣಿನ ಸಿಪ್ಪೆ ಸುಲಿದ ಹಾಗೆ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಗುಂಡಿನ ಅಗಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ತೂಕ ಬಹುತೇಕ ಅಷ್ಟೇ ಉಳಿಯುತ್ತದೆ. ಮೊದಮೊದಲ ಗುಂಡುಗಳು ನಳಿಗೆಯೊಳಗೆ ತಾಮ್ರವನ್ನು ಮೆತ್ತಿ ಗುರಿ ಕೆಡಿಸುತ್ತಿದ್ದವು, ಒತ್ತಡವೂ ಹೆಚ್ಚುತ್ತಿತ್ತು. 2003ರಲ್ಲಿ ಗುಂಡಿನ ಸುತ್ತ ಕಾಲುವೆಯಂಥ ಗೆರೆಗಳನ್ನು ಕೊರೆದ ಮಾದರಿ ಬಂದ ಮೇಲೆ ಆ ಗೋಳು ಬಹುಮಟ್ಟಿಗೆ ತೀರಿತು. 2007ರಲ್ಲಿ ಕುಳಿಯ ಬಾಯಿಗೆ ಪ್ಲಾಸ್ಟಿಕ್ ಮೊನೆ ಸೇರಿತು: ಗಾಳಿಯಲ್ಲಿ ಸರಾಗವಾಗಿ ಸಾಗಲು, ಮತ್ತು ತಾಗಿದಾಗ ಬೆಣೆಯಾಗಿ ಒಳಕ್ಕೆ ನುಗ್ಗಿ ಕುಳಿಯನ್ನು ತೆರೆಯಲು. ಈಗ ನಾಸ್ಲರ್, ಹಾರ್ನಡಿ, ಫೆಡರಲ್, ಫಿನ್‌ಲೆಂಡಿನ ಲಪುವಾ ಎಲ್ಲರೂ ಇಂಥ ಗುಂಡುಗಳನ್ನು ಮಾಡುತ್ತಾರೆ.

ಇನ್ನು ನನ್ನ ಕಸುಬಿನ ಮಾತು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ವಾದದ ಗಂಟು ಇರುವುದು ಇಲ್ಲಿಯೇ.

ಗುಂಡಿನ ಮೂತಿಯನ್ನು ಅರಳಿಸುವುದು ಎದುರಿನ ಮಾಂಸದ ಒತ್ತಡ. ಮಾಂಸವನ್ನು ನೀರೆಂದೇ ಎಣಿಸಿ. ಆ ಒತ್ತಡ ಸಾಂದ್ರತೆಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದಷ್ಟು. ಸೆಕೆಂಡಿಗೆ 800 ಮೀಟರ್ ವೇಗದಲ್ಲಿ ಅದು ಸುಮಾರು 320 ಮೆಗಾಪ್ಯಾಸ್ಕಲ್, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಮೂರು ಸಾವಿರ ಪಟ್ಟಿಗೂ ಹೆಚ್ಚು. ಕಾಯಿಸಿ ಮೆದುಗೊಳಿಸಿದ ತಾಮ್ರವನ್ನು ಎಳೆದು ಹರಿಯಲು ಬೇಕಾದದ್ದು ಸುಮಾರು 220 ಮೆಗಾಪ್ಯಾಸ್ಕಲ್. ಸೀಸಕ್ಕೆ 15ರ ಆಸುಪಾಸು ಸಾಕು. 800 ಮೀಟರ್ ವೇಗದಲ್ಲಿ ತಾಮ್ರ ತಂಟೆಯಿಲ್ಲದೆ ಅರಳುತ್ತದೆ. ಸೀಸದ ಪಾಡು ಏನಾಗಬಹುದೆಂದು ನೀವೇ ಊಹಿಸಿ. ಈಗ ವೇಗವನ್ನು 500 ಮೀಟರ್‌ಗೆ ಇಳಿಸಿ. ವೇಗ ಮುಕ್ಕಾಲಿಗಿಂತಲೂ ಕೆಳಗಿಳಿಯಿತು, ಒತ್ತಡವಾದರೋ 125ಕ್ಕೆ ಕುಸಿಯಿತು. ಸೀಸಕ್ಕೆ ಅದೂ ಧಾರಾಳ. ತಾಮ್ರ ಮಾತ್ರ ಬಗ್ಗಲು ಹಿಂದೆಮುಂದೆ ನೋಡತೊಡಗುತ್ತದೆ. ಕುಳಿ, ಗೀರು, ಪ್ಲಾಸ್ಟಿಕ್ ಮೊನೆ ಎಲ್ಲ ನೆರವಿಗೆ ಬರುತ್ತವೆ, ಆದ್ದರಿಂದ ಇದನ್ನು ಅಂದಾಜಿನ ಲೆಕ್ಕವೆಂದೇ ತಿಳಿಯಿರಿ. ಆದರೆ ಬೇಟೆಗಾರರು ಅನುಭವದಿಂದ ಕಂಡುಕೊಂಡ ಗಡಿಯೂ ಇದರ ಹತ್ತಿರವೇ ಇದೆ: ತಾಮ್ರದ ಗುಂಡು ಪ್ರಾಣಿಯನ್ನು ತಾಗುವಾಗ ಸೆಕೆಂಡಿಗೆ 550ರಿಂದ 600 ಮೀಟರ್ ವೇಗವಾದರೂ ಉಳಿದಿರಬೇಕು ಎನ್ನುತ್ತಾರೆ.

ಆ ಗಡಿ ಎಷ್ಟು ದೂರಕ್ಕೆ ಬರುತ್ತದೆ? 1906ರಿಂದ ಬಳಕೆಯಲ್ಲಿರುವ .30-06 ತೋಟಾವನ್ನೇ ತೆಗೆದುಕೊಳ್ಳಿ, ಎಲ್ಕ್ ಬೇಟೆಯಲ್ಲಿ ಅದಕ್ಕಿಂತ ಪರಿಚಿತವಾದದ್ದು ಕಡಿಮೆ. 165 ಗ್ರೇನ್ ತೂಕದ ತಾಮ್ರದ ಗುಂಡು ನಳಿಗೆಯಿಂದ 850 ಮೀಟರ್ ವೇಗದಲ್ಲಿ ಹೊರಟರೆ ನಾನೂರು ಗಜದ ಹೊತ್ತಿಗೆ 600ರ ಹತ್ತಿರಕ್ಕೆ ಇಳಿದಿರುತ್ತದೆ. ಮೂರು ಸಾವಿರ ಮೀಟರ್ ಎತ್ತರದ ಕೊಲರಾಡೊ ಬೆಟ್ಟಗಳಲ್ಲಿ ಗಾಳಿ ತೆಳು, ಹಾಗಾಗಿ ವೇಗ ಇನ್ನಷ್ಟು ದೂರ ಉಳಿಯುತ್ತದೆ. ಅಂದರೆ ಸಾಮಾನ್ಯ ಈಡುಗಾರ ಹೊಡೆಯಬೇಕಾದ ದೂರಗಳಲ್ಲಿ ತಾಮ್ರಕ್ಕೆ ಯಾವ ಕೊರತೆಯೂ ಇಲ್ಲ. ಈಚೆಗೆ ದುಬಾರಿ ದೂರದರ್ಶಕ ಹಾಕಿಕೊಂಡು ಆರುನೂರು, ಏಳುನೂರು ಗಜದಿಂದ ಎಲ್ಕ್ ಹೊಡೆದು ವಿಡಿಯೊ ಹಾಕುವ ಚಟ ಹೆಚ್ಚಿದೆ. ಅವರಿಗೆ ತಾಮ್ರ ಒಗ್ಗುವುದಿಲ್ಲ. ನನ್ನ ದೃಷ್ಟಿಯಲ್ಲಿ ಅದು ತಾಮ್ರದ ದೋಷವಲ್ಲ.

ಎರಡನೆಯ ತಕರಾರು ತೂಕದ್ದು. ಸೀಸದ ಸಾಂದ್ರತೆ 11.3, ತಾಮ್ರದ್ದು 8.9. ಒಂದೇ ತೂಕ, ಒಂದೇ ದಪ್ಪ ಇರಬೇಕಾದರೆ ತಾಮ್ರದ ಗುಂಡು ಉದ್ದವಾಗಲೇಬೇಕು. ಉದ್ದ ಗುಂಡು ಗಾಳಿಯಲ್ಲಿ ಓಲಾಡದಿರಲು ಹೆಚ್ಚು ಬಿಗಿಯಾಗಿ ತಿರುಗಬೇಕು, ಅದು ನಳಿಗೆಯೊಳಗಿನ ಸುರುಳಿ ಗೀರಿನ ಮೇಲೆ ನಿಂತಿದೆ. ಹಳೆಯ ರೈಫಲ್‌ಗಳಲ್ಲಿ ಸುರುಳಿ ಸಡಿಲ. ಪರಿಹಾರ ಸುಲಭ: ಸೀಸದಲ್ಲಿ 180 ಗ್ರೇನ್ ಹಾಕುತ್ತಿದ್ದವರು ತಾಮ್ರದಲ್ಲಿ 165ಕ್ಕೋ 150ಕ್ಕೋ ಇಳಿಯುವುದು. ಹಗುರ ಗುಂಡು ವೇಗವಾಗಿ ಹೋಗುತ್ತದೆ. ತಾಮ್ರಕ್ಕೆ ಬೇಕಾದದ್ದೂ ವೇಗವೇ. ಎಲ್ಕ್‌ಗೆ ಭಾರದ ಗುಂಡೇ ಬೇಕೆಂದು ಅಪ್ಪನಿಂದ ಕಲಿತವರಿಗೆ ಇದು ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಹೊರಟಾಗಿನ ತೂಕಕ್ಕಿಂತ ಒಳಗೆ ಸಾಗುವಾಗ ಉಳಿದ ತೂಕ ಮುಖ್ಯ. ಮೂರನೇ ಒಂದು ಭಾಗವನ್ನು ದಾರಿಯಲ್ಲಿ ಉದುರಿಸಿಕೊಂಡ 180 ಗ್ರೇನ್ ಸೀಸದಲ್ಲಿ ಉಳಿಯುವುದು 120 ಮಾತ್ರ.

ನಾನು ಕೈಯಲ್ಲಿ ಹಿಡಿದು ನೋಡಿದ ಒಂದು ಗುಂಡಿನ ಬಗ್ಗೆ ಹೇಳುತ್ತೇನೆ. ತಾಮ್ರದ ಗುಂಡು ಸಾಮಾನ್ಯವಾಗಿ ಪ್ರಾಣಿಯ ಆಚೆ ಬದಿಯಿಂದ ಹೊರಟುಹೋಗುತ್ತದೆ, ಸಿಗುವುದೇ ಅಪರೂಪ. ಇದು ಓರೆಯಾಗಿ ಎದುರು ನಿಂತಿದ್ದ ಹೆಣ್ಣಿನ ಭುಜದ ಮೂಳೆ ಒಡೆದು, ಇಡೀ ಎದೆಗೂಡನ್ನು ಉದ್ದಕ್ಕೆ ದಾಟಿ, ಹಿಂದಿನ ಪಕ್ಕೆಯ ಚರ್ಮದ ಅಡಿಯಲ್ಲಿ ನಿಂತಿತ್ತು. ನೆರೆಯವರು ಅದನ್ನು ತೊಳೆದು, ಮದ್ದು ತೂಗುವ ತಕ್ಕಡಿಯಲ್ಲಿಟ್ಟರು. 165ರಲ್ಲಿ ಒಂದು ಗ್ರೇನ್ ಮಾತ್ರ ಕಡಿಮೆಯಾಗಿತ್ತು. ಮೂರು ದಳಗಳು ಚೊಕ್ಕವಾಗಿ ಹಿಂದಕ್ಕೆ ಬಾಗಿದ್ದವು. ಮೂಳೆಗೆ ತಾಗಿದ ನಾಲ್ಕನೆಯದು ಒಳಕ್ಕೆ ಮಡಚಿ ಕುಳಿಯನ್ನು ಅರ್ಧ ಮುಚ್ಚಿತ್ತು. ದಳಗಳ ಅಂಚು ಉಗುರಿಗೆ ಸಿಕ್ಕುವಷ್ಟು ಹರಿತ. ಬುಡದ ಮೇಲಿನ ನಳಿಗೆಯ ಓರೆಗೀರುಗಳು ಹೊಸದಾಗಿಯೇ ಇದ್ದವು. ಲೋಹದವನಿಗೆ ಅದನ್ನು ನೋಡಿ ಸಂತೋಷವಾಗದೆ ಇರದು: ಬಿರುಕಿಲ್ಲ, ಚೂರಿಲ್ಲ, ತಾಮ್ರ ತನ್ನ ಎಳೆತದ ಗುಣವನ್ನು ಪೂರಾ ತೋರಿಸಿತ್ತು.

ಆದರೂ ದೂರುಗಳು ಇದ್ದೇ ಇವೆ. ಎಲ್ಕ್ ತಾಮ್ರ ತಿಂದು ಓಡಿತು, ಸೀಸವಾಗಿದ್ದರೆ ಅಲ್ಲೇ ಬೀಳುತ್ತಿತ್ತು ಎಂಬುದು ಹಳೆಯ ಹಾಡು. ಇದರಲ್ಲಿ ಹುರುಳಿಲ್ಲದಿಲ್ಲ. ಒಡೆಯುವ ಸೀಸ ಶ್ವಾಸಕೋಶವನ್ನು ಅಗಲಕ್ಕೆ ಛಿದ್ರಗೊಳಿಸುತ್ತದೆ, ತಾಮ್ರ ನೇರವಾದ ಆಳವಾದ ದಾರಿ ಕೊರೆಯುತ್ತದೆ. ಎದೆಗೂಡಿನ ಹಿಂಭಾಗದಲ್ಲಿ ಶ್ವಾಸಕೋಶದ ತೆಳು ಅಂಚಿಗೆ ಗುಂಡು ಬಿದ್ದರೆ ಸೀಸ ಸ್ವಲ್ಪ ಮನ್ನಿಸುತ್ತದೆ, ತಾಮ್ರ ಮನ್ನಿಸುವುದಿಲ್ಲ. ಅದಕ್ಕೇ ತಾಮ್ರಕ್ಕೆ ಬದಲಾದವರು ಗುರಿಯನ್ನು ಒಂದಿಷ್ಟು ಮುಂದಕ್ಕೆ, ಭುಜದ ಸನಿಹಕ್ಕೆ ಸರಿಸುತ್ತಾರೆ. ಮೂಳೆ ಸಿಕ್ಕರೂ ಗುಂಡು ಒಡೆಯುವುದಿಲ್ಲವೆಂಬ ಧೈರ್ಯ ಅವರಿಗಿದೆ. ಇನ್ನೊಂದು ಲಾಭ: ಎರಡೂ ಬದಿಯಲ್ಲಿ ತೂತಾದರೆ ರಕ್ತದ ಜಾಡು ಚೆನ್ನಾಗಿ ಬೀಳುತ್ತದೆ. ಪೈನ್ ಕಾಡಿನಲ್ಲಿ ಸಂಜೆ ಮಬ್ಬಿನಲ್ಲಿ ಎಲ್ಕ್ ಹುಡುಕುವವರಿಗೆ ಆ ಜಾಡೇ ಸರ್ವಸ್ವ.

ಗ್ಯಾರೇಜಿನ ಮಾತು ಬಿಟ್ಟು ದಾಖಲೆಗೆ ಬರೋಣ. ಉತ್ತರ ಡಕೋಟಾದ ಥಿಯೊಡೋರ್ ರೂಸ್‌ವೆಲ್ಟ್ ರಾಷ್ಟ್ರೀಯ ಉದ್ಯಾನಕ್ಕೆ 1985ರಲ್ಲಿ ತಂದುಬಿಟ್ಟ ಐವತ್ತಕ್ಕೂ ಕಡಿಮೆ ಎಲ್ಕ್‌ಗಳು ಕಾಲು ಶತಮಾನದಲ್ಲಿ ಸಾವಿರದ ಗಡಿ ದಾಟಿದ್ದವು. 2010ರಿಂದ ಉದ್ಯಾನದ ಸಿಬ್ಬಂದಿ ಸ್ವಯಂಸೇವಕರನ್ನು ಜೊತೆಗಿಟ್ಟುಕೊಂಡು ನೂರಾರು ಎಲ್ಕ್‌ಗಳನ್ನು ಹೊಡೆದು ಸಂಖ್ಯೆ ಇಳಿಸಿದರು, ಎಲ್ಲವೂ ಸೀಸವಿಲ್ಲದ ಗುಂಡಿನಿಂದ. ಅವರಿಟ್ಟ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ ಈ ಗುಂಡು ಕೆಲಸಕ್ಕೆ ತಕ್ಕದ್ದೆಂದು ಹೇಳಿತು. ಹೊಡೆದವರೆಲ್ಲ ನುರಿತ ಈಡುಗಾರರೇನಲ್ಲ ಎಂಬುದು ಇಲ್ಲಿ ಗಮನಿಸಬೇಕಾದದ್ದು. ವಯೋಮಿಂಗ್‌ನ ಗ್ರ್ಯಾಂಡ್ ಟೀಟನ್ ಉದ್ಯಾನದಲ್ಲಿ ಎಲ್ಕ್ ಸಂಖ್ಯೆ ಇಳಿಸುವ ಬೇಟೆಗೆ 1950ರ ಕಾನೂನಿನಲ್ಲೇ ಅವಕಾಶವಿದೆ. ಅಲ್ಲಿಯೂ ಸೀಸಕ್ಕೆ ಪ್ರವೇಶವಿಲ್ಲ. ಡೆನ್ಮಾರ್ಕ್‌ನಲ್ಲಿ 657 ಗೊರಸಿನ ಪ್ರಾಣಿಗಳ ಬೇಟೆಯನ್ನು ಹೋಲಿಸಿ ನೋಡಿದಾಗ ವ್ಯವಹಾರದಲ್ಲಿ ಲೆಕ್ಕಕ್ಕೆ ಬರುವ ವ್ಯತ್ಯಾಸ ಕಾಣಲಿಲ್ಲ. ಅವುಗಳಲ್ಲಿ ಎಲ್ಕ್‌ನ ಹತ್ತಿರದ ಬಂಧುವಾದ ಕೆಂಪು ಜಿಂಕೆಯೂ ಇತ್ತು. 2024ರ ಏಪ್ರಿಲ್‌ನಿಂದ ಆ ದೇಶ ಬೇಟೆಯ ರೈಫಲ್‌ಗಳಿಗೂ ಸೀಸವನ್ನು ನಿಷೇಧಿಸಿದೆ.

ತಾಮ್ರದ ನಿಜವಾದ ಅಪಾಯಗಳು ಬೇರೆಯೇ ಇವೆ, ಅವುಗಳ ಚರ್ಚೆ ಕಡಿಮೆ. ಎಲ್ಕ್ ಹಿಂಡಿನಲ್ಲಿ ಬದುಕುವ ಪ್ರಾಣಿ. ಒಂದನ್ನು ಭೇದಿಸಿ ಹೊರಬಂದ ಗುಂಡು ಹಿಂದೆ ನಿಂತ ಇನ್ನೊಂದಕ್ಕೆ ತಾಗಬಹುದು; ಪರವಾನಗಿ ಒಂದೇ, ಗಾಯಗೊಂಡದ್ದು ಎರಡು. ಹಿಂದೆ ಏನಿದೆಯೆಂದು ನೋಡದೆ ತಾಮ್ರ ಹೊಡೆಯಬಾರದು. ಇನ್ನೊಂದು ಬೆಂಕಿ. ಅಮೆರಿಕದ ಅರಣ್ಯ ಸೇವೆಯ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಉಕ್ಕಿನ ಹಲಗೆಗೆ ಬಡಿದ ಗುಂಡಿನ ಬಿಸಿ ಚೂರುಗಳು ಒಣ ಸಸ್ಯಪದಾರ್ಥಕ್ಕೆ ಬಿದ್ದಾಗ, ಸೀಸದ ತಿರುಳಿನ ಗುಂಡುಗಳಿಗಿಂತ ಅಪ್ಪಟ ತಾಮ್ರ ಹೆಚ್ಚು ಸಲ ಕಿಡಿ ಹೊತ್ತಿಸಿತು. ಒಣ ಬೇಸಿಗೆಯಲ್ಲಿ ಬಂಡೆಗಳ ನಡುವೆ ಗುರಿ ಅಭ್ಯಾಸ ಮಾಡುವವರು ಇದನ್ನು ತಿಳಿದಿರಬೇಕು.

ಈಗ ಪರೀಕ್ಷೆಯ ಉಳಿದರ್ಧ. 300 ಕಿಲೋ ಪ್ರಾಣಿಯನ್ನು ಬೆಟ್ಟದಿಂದ ಇಡಿಯಾಗಿ ಇಳಿಸಲಾಗದು. ಬೇಟೆಗಾರ ಅಲ್ಲಿಯೇ ಹೊಟ್ಟೆ ಸೀಳಿ, ಕರುಳು, ಜಠರ, ಶ್ವಾಸಕೋಶಗಳನ್ನು ರಾಶಿ ಹಾಕಿ, ಮಾಂಸವನ್ನಷ್ಟೇ ಹೊತ್ತು ಇಳಿಯುತ್ತಾನೆ. ಗುಂಡು ದಾಟಿದ ಅಂಗಗಳೇ ಆ ರಾಶಿಯಲ್ಲಿರುತ್ತವೆ. ಗಂಟೆಯೊಳಗೆ ರೇವನ್ ಕಾಗೆಗಳು ಬರುತ್ತವೆ, ಆಮೇಲೆ ಹದ್ದುಗಳು, ತೋಳಗಳು. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸೀಸದ ಗುಂಡಿನಿಂದ ಹೊಡೆದ ಜಿಂಕೆಗಳ ಇಂಥ 20 ರಾಶಿಗಳನ್ನು ಎಕ್ಸ್‌ರೇ ಮಾಡಿದಾಗ 18ರಲ್ಲಿ ಲೋಹದ ಚೂರುಗಳಿದ್ದವು, ಕೆಲವದರಲ್ಲಿ ಇನ್ನೂರಕ್ಕೂ ಹೆಚ್ಚು. ತಾಮ್ರದ ಗುಂಡಿನಿಂದ ಹೊಡೆದ ನಾಲ್ಕು ಇಡೀ ಜಿಂಕೆಗಳಲ್ಲಿ ಎಲ್ಲ ಸೇರಿ ಆರು ಚೂರು. ಆ ಎಕ್ಸ್‌ರೇ ಚಿತ್ರಗಳನ್ನು ನೋಡಿದವರಿಗೆ ಬೇರೆ ವಾದ ಬೇಕಾಗುವುದಿಲ್ಲ. ಸೀಸದ ಚುಕ್ಕಿಗಳು ಗಾಯದ ದಾರಿಯಿಂದ ಗೇಣುದ್ದ ದೂರಕ್ಕೂ ಚೆಲ್ಲಿರುತ್ತವೆ. ಕಣ್ಣಿಗೆ ಕಾಣದ, ಹಲ್ಲಿಗೆ ಸಿಗದ ಪುಡಿ.

ಹದ್ದಿನ ಜಠರದ ಆಮ್ಲ ಆ ಪುಡಿಯನ್ನು ಕರಗಿಸುತ್ತದೆ. ಸೀಸ ರಕ್ತಕ್ಕೆ ಸೇರಿ ನರಗಳನ್ನು ಹಿಡಿಯುತ್ತದೆ; ರೆಕ್ಕೆ ಜೋತು, ಜಠರ ನಿಂತು, ಹಕ್ಕಿ ಹೊಟ್ಟೆಗಿಲ್ಲದೆ ಸಾಯುತ್ತದೆ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ 38 ರಾಜ್ಯಗಳ 1,210 ಹದ್ದುಗಳನ್ನು ಪರೀಕ್ಷಿಸಿತು. ಬಿಳಿತಲೆಯ ಬಾಲ್ಡ್ ಈಗಲ್‌ಗಳಲ್ಲೂ ಗೋಲ್ಡನ್ ಈಗಲ್‌ಗಳಲ್ಲೂ ಅರ್ಧದ ಹತ್ತಿರ ದೀರ್ಘಕಾಲದ ಸೀಸದ ವಿಷ ಮೂಳೆಯಲ್ಲಿ ಸೇರಿತ್ತು. ಕ್ಯಾಲಿಫೋರ್ನಿಯಾ ಕಾಂಡೊರ್ ಎಂಬ ಮಹಾ ರಣಹದ್ದಿನ ಕಥೆ ಇನ್ನೂ ಕಠೋರ. 1982ರಲ್ಲಿ ಇಡೀ ಜಗತ್ತಿನಲ್ಲಿ ಉಳಿದಿದ್ದದ್ದು 22. ಕೂಡಿ ಹಾಕಿ, ಮರಿ ಮಾಡಿಸಿ, ಮತ್ತೆ ಹಾರಲು ಬಿಟ್ಟರು. ಬಿಟ್ಟ ಹಕ್ಕಿಗಳ ಸಾವಿಗೆ ಮೊದಲ ಕಾರಣ ಇಂದಿಗೂ ಸೀಸವೇ. ನಮಗೆ ಈ ಸಂಕಟ ಹೊಸದಲ್ಲ. ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್ ಎಂಬ ನೋವಿನ ಔಷಧ ಹೆಣದ ಮೂಲಕ ನಮ್ಮ ರಣಹದ್ದುಗಳನ್ನು ಹೇಗೆ ಅಳಿಸಿತೆಂದು ರಾಮನಗರದ ರಾಮದೇವರ ಬೆಟ್ಟವನ್ನು ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಅಲ್ಲಿ ಔಷಧ, ಇಲ್ಲಿ ಲೋಹ. ವಿಷ ಹೆಣದೊಳಗೆ ಕುಳಿತು ಕಾಯುವ ರೀತಿ ಒಂದೇ.

ಮಾಂಸ ಮನೆಗೂ ಹೋಗುತ್ತದೆ. 2009ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸೀಸದ ಗುಂಡಿನಿಂದ ಹೊಡೆದ 30 ಜಿಂಕೆಗಳನ್ನು ಸಾಮಾನ್ಯ ಮಾಂಸದಂಗಡಿಗಳಲ್ಲೇ ಕೊಯ್ಯಿಸಿ, ಕೀಮಾ ಪೊಟ್ಟಣಗಳನ್ನು ಎಕ್ಸ್‌ರೇ ಮಾಡಿದರು. 234ರಲ್ಲಿ ಸುಮಾರು ಮೂರನೇ ಒಂದು ಪಾಲಿನಲ್ಲಿ ಚೂರುಗಳಿದ್ದವು. ಆ ಮಾಂಸ ತಿನ್ನಿಸಿದ ಹಂದಿಗಳ ರಕ್ತದಲ್ಲಿ ಸೀಸ ಏರಿತು. ಉತ್ತರ ಡಕೋಟಾದಲ್ಲಿ 2008ರಲ್ಲಿ ಬಡವರಿಗೆ ಹಂಚಲು ದಾನ ಬಂದ ಜಿಂಕೆ ಮಾಂಸದ ಪೊಟ್ಟಣಗಳಲ್ಲಿ ಸೀಸ ಕಂಡು ಅಷ್ಟನ್ನೂ ಎಸೆಯಿರೆಂದು ಆರೋಗ್ಯ ಇಲಾಖೆ ಹೇಳಿತು. ವಯಸ್ಕರಿಗೆ ಇದರಿಂದಾಗುವ ಹಾನಿ ದೊಡ್ಡದೆಂದು ನಾನು ಉತ್ಪ್ರೇಕ್ಷೆ ಮಾಡುವುದಿಲ್ಲ. ಮಕ್ಕಳ ವಿಷಯ ಬೇರೆ. ಮಗುವಿನ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ.

ಹಾಗಾದರೆ ಸೀಸವನ್ನು ನಿಷೇಧಿಸಬೇಕೇ? ಕ್ಯಾಲಿಫೋರ್ನಿಯಾ ಹಾಗೆಯೇ ಮಾಡಿತು: 2008ರಲ್ಲಿ ಕಾಂಡೊರ್ ವಲಯದಲ್ಲಿ, 2019ರ ಜುಲೈಯಿಂದ ಇಡೀ ರಾಜ್ಯದ ಬೇಟೆಯಲ್ಲಿ. ಅರಿಝೋನಾ ಇನ್ನೊಂದು ದಾರಿ ಹಿಡಿಯಿತು. ಕೈಬಾಬ್ ಪ್ರಸ್ಥಭೂಮಿಗೆ ಹೋಗುವ ಬೇಟೆಗಾರರಿಗೆ 2005ರಿಂದ ಸೀಸವಿಲ್ಲದ ತೋಟಾಗಳನ್ನು ಪುಕ್ಕಟೆ ಕೊಟ್ಟು, ಕೈಮುಗಿದು ಕೇಳಿಕೊಂಡಿತು. ಬಹುಪಾಲು ಜನ ಒಪ್ಪಿದರು. ನನ್ನ ಒಲವು ಎರಡನೆಯದರ ಕಡೆಗೆ. ಕಾಡಿನಲ್ಲಿ ಒಬ್ಬಂಟಿಯಾಗಿ ನಿಂತವನು ಯಾವ ತೋಟಾ ಹಾಕಿದನೆಂದು ಯಾರೂ ನೋಡುವುದಿಲ್ಲ, ಅವನಿಗೇ ಮನವರಿಕೆಯಾಗಬೇಕು. ಆದರೆ ಪುಕ್ಕಟೆ ತೋಟಾ ಹಂಚುವಷ್ಟು ಹಣ ಎಲ್ಲ ರಾಜ್ಯಗಳಲ್ಲೂ ಇಲ್ಲ ಎಂಬುದೂ ಸತ್ಯ.

ಇನ್ನು ಸಭಿಕರ ಪ್ರಶ್ನೆಗಳು.

ತಾಮ್ರವೂ ವಿಷವಲ್ಲವೇ ಎಂದು ವೈದ್ಯರೊಬ್ಬರು ಕೇಳಿದರು. ಹೆಚ್ಚಾದರೆ ಹೌದು, ವಿಶೇಷವಾಗಿ ನೀರಿನ ಜೀವಿಗಳಿಗೆ. ಆದರೆ ತಾಮ್ರ ದೇಹಕ್ಕೆ ಅಲ್ಪ ಪ್ರಮಾಣದಲ್ಲಿ ಬೇಕಾದ ಲೋಹ, ಹೆಚ್ಚಾದದ್ದನ್ನು ಹೊರಹಾಕುವ ವ್ಯವಸ್ಥೆ ಯಕೃತ್ತಿಗಿದೆ. ಸೀಸಕ್ಕೆ ದೇಹದಲ್ಲಿ ಯಾವ ಕೆಲಸವೂ ಇಲ್ಲ. ಮುಖ್ಯವಾಗಿ ತಾಮ್ರದ ಗುಂಡು ಪುಡಿಯಾಗುವುದಿಲ್ಲ, ಆದ್ದರಿಂದ ಹೊಟ್ಟೆ ಸೇರುವುದೇ ಕಡಿಮೆ.

ಬೆಲೆಯ ಬಗ್ಗೆ ಇನ್ನೊಬ್ಬರು ಕೇಳಿದರು. ತಾಮ್ರ ದುಬಾರಿಯೇ. ಅಗ್ಗದ ಸೀಸದ ಗುಂಡಿನೊಂದಿಗೆ ಹೋಲಿಸಿದರೆ ಅಂತರ ದೊಡ್ಡದು, ಉತ್ತಮ ದರ್ಜೆಯ ಸೀಸದ ಗುಂಡಿನೊಂದಿಗೆ ಹೋಲಿಸಿದರೆ ಅಷ್ಟಿಲ್ಲ. ಎಲ್ಕ್‌ಗೆ ಒಂದೆರಡು ತೋಟಾ ಸಾಕು. ಪೆಟ್ರೋಲಿಗೂ ಪರವಾನಗಿಗೂ ಮಾಡುವ ಖರ್ಚಿನ ಮುಂದೆ ಅದು ಲೆಕ್ಕಕ್ಕಿಲ್ಲ. ಖರ್ಚು ಬೀಳುವುದು ಅಭ್ಯಾಸಕ್ಕೆ. ಸೀಸದಲ್ಲಿ ಗುರಿ ಸರಿಪಡಿಸಿಕೊಂಡು ತಾಮ್ರದಲ್ಲಿ ಬೇಟೆಗೆ ಹೋದರೆ ಗುಂಡು ಬೇರೆ ಕಡೆ ಬೀಳುತ್ತದೆ, ಹಾಗಾಗಿ ಅಭ್ಯಾಸವೂ ಅದರಲ್ಲೇ ಆಗಬೇಕು.

ಕೊನೆಯ ಪ್ರಶ್ನೆ ಒಬ್ಬ ವಿದ್ಯಾರ್ಥಿನಿಯದು, ಸಭೆಯಲ್ಲಿ ಲೆಕ್ಕವನ್ನು ನಿಜವಾಗಿ ಹಿಂಬಾಲಿಸಿದ್ದು ಅವರೇ ಇರಬೇಕು. ಹುಟ್ಟಿನಿಂದಲೇ ವೇಗ ಕಡಿಮೆಯಿರುವ ಹಳೆಯ ರೈಫಲ್‌ಗಳ ಗತಿಯೇನು ಎಂದು ಕೇಳಿದರು. 1895ರಷ್ಟು ಹಿಂದಿನ .30-30 ತೋಟಾದ ಗುಂಡು ನಳಿಗೆಯಿಂದ ಹೊರಡುವಾಗಲೇ ಸೆಕೆಂಡಿಗೆ ಸುಮಾರು 700 ಮೀಟರ್ ವೇಗದಲ್ಲಿರುತ್ತದೆ. ಮೊಂಡು ಮೂತಿಯಿಂದಾಗಿ ಆ ವೇಗವೂ ಬೇಗ ಕರಗುತ್ತದೆ. .30-06ಕ್ಕೆಂದು ಮಾಡಿದ ತಾಮ್ರದ ಗುಂಡನ್ನು ಅದಕ್ಕೆ ತುಂಬಿದರೆ ನೂರೈವತ್ತು ಗಜದ ಆಚೆಗೆ ಅರಳುವ ಭರವಸೆಯಿಲ್ಲ. ಕಡಿಮೆ ವೇಗಕ್ಕೆಂದೇ ದೊಡ್ಡ ಕುಳಿ, ತೆಳು ಗೋಡೆ ಇಟ್ಟು ಮಾಡಿದ ಗುಂಡುಗಳು ಸಿಗುತ್ತವೆ, ಅವನ್ನೇ ಬಳಸಬೇಕು. ಅದೂ ಸಿಗದಿದ್ದರೆ, ನನ್ನ ಮಾತು ಕೇಳಿ ಹದ್ದುಪ್ರೇಮಿಗಳು ಸಿಟ್ಟಾಗಬಹುದು, ಆ ರೈಫಲ್‌ಗೆ ಸೀಸವೇ ಇರಲಿ. ಅರಳದ ತಾಮ್ರ ತಿಂದು ಅಲೆಯುವ ಎಲ್ಕ್ ಯಾರಿಗೂ ಬೇಡ. ಆದರೆ ಹೊಡೆದವರು ಕರುಳಿನ ರಾಶಿಯನ್ನು ಆಳವಾಗಿ ಹೂತು ಬರಬೇಕು, ಇಲ್ಲವೇ ಚೀಲಕ್ಕೆ ತುಂಬಿ ಬೆಟ್ಟದಿಂದ ಇಳಿಸಬೇಕು. ಕೈಬಾಬ್‌ನಲ್ಲಿ ಹಾಗೆ ಇಳಿಸಿ ತಂದವರಿಗೆ ಲಾಟರಿ ಬಹುಮಾನವೂ ಇದೆ. ನವೆಂಬರ್‌ನಲ್ಲಿ ಹೆಪ್ಪುಗಟ್ಟಿದ ನೆಲವನ್ನು ಮೊಣಕಾಲುದ್ದ ಅಗೆದು ನೋಡಿದ ನನ್ನ ನೆರೆಯವರು ಮರುವರ್ಷವೇ ತಾಮ್ರಕ್ಕೆ ಬಂದರು.